ಒಣಗಿದ ಸೋಲಾರಿಗೆ ಮಧ್ಯಾಹ್ನ ನೀರು ಬಿಡಬೇಡ್ರಿ

ಮಾಳಿಗೆ ಮೇಲೆ ಗಾಜಿನ ಕೊಳವೆಗಳ ಸೋಲಾರ್ ಹೀಟರ್ ಇದೆಯಾ? ಹಾಗಾದ್ರೆ ಮೋಟರ್ ಯಾವಾಗ ಹಚ್ಚಬೇಕು ಅನ್ನೋದು ಗೊತ್ತಿರಲಿ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಎಷ್ಟೋ ಮನೆಗಳಲ್ಲಿ ನಳದ ನೀರು ಮೊದಲು ಸಂಪಿಗೆ, ಅಲ್ಲಿಂದ ಮೋಟರ್ ಹಚ್ಚಿ ಮಾಳಿಗೆ ಟ್ಯಾಂಕಿಗೆ, ಆಮೇಲೆ ತಾನಾಗೇ ಸೋಲಾರಿಗೆ. ಟ್ಯಾಂಕ್ ಬರಿದಾದ್ರೆ ಬಿಸಿನೀರು ನಿಲ್ಲುತ್ತೆ. ಪೈಪಿಗೆ ನಾನ್‌-ರಿಟರ್ನ್ ವಾಲ್ವ್ ಇಲ್ಲದಿದ್ರೆ ಸೋಲಾರಿನ ನೀರೂ ಹಿಂದಕ್ಕೆ ಇಳಿದುಹೋಗಬಹುದು. ಕೊಳವೆಯಲ್ಲಿ ಉಳಿದದ್ದು ಕುದ್ದು ಬತ್ತುತ್ತೆ. ರಾಯಚೂರು ಜಿಲ್ಲೆಯ ಬಿಸಿಲು ನಿಮಗೇ ಗೊತ್ತು. ಒಣ ಕೊಳವೆಯ ಒಳಗೆ ಶಾಖ 200 ಡಿಗ್ರಿ ದಾಟಬಹುದು. ಆ ಹೊತ್ತಿಗೆ ತಣ್ಣೀರು ನುಗ್ಗಿದ್ರೆ ಗಾಜು ಸೀಳಬಹುದು.

ಅದಕ್ಕೇ ಬೇಕು, ಟ್ಯಾಂಕ್ ಬರಿದಾಗದಂತೆ ಮೋಟರನ್ನ ತಾನೇ ಹಚ್ಚಿ ನಿಲ್ಲಿಸೋ ವಾಟರ್ ಲೆವೆಲ್ ಕಂಟ್ರೋಲರ್. ಸಂಪಿನ ತಳದಲ್ಲಿ ಒಂದು ಫ್ಲೋಟ್ ಸ್ವಿಚ್, ನೀರಿಲ್ಲದೆ ಮೋಟರ್ ತಿರುಗದಂತೆ. ಟ್ಯಾಂಕಿನಲ್ಲಿ ಎರಡು: ಕೆಳಗಿನದು ಮೋಟರ್ ಹಚ್ಚೋಕೆ, ಮೇಲಿನದು ನಿಲ್ಲಿಸೋಕೆ. ಕೆಳಗಿನದನ್ನ ಅರ್ಧ ಟ್ಯಾಂಕಿನ ಮಟ್ಟಕ್ಕೇ ಇಡಿಸ್ರಿ, ತಳಕ್ಕೆ ಬೇಡ. ಕರೆಂಟ್ ಹೋದ್ರೂ ಸೋಲಾರಿಗೆ ಒಂದಿಷ್ಟು ನೀರು ಉಳಿದಿರುತ್ತೆ. ಬೋರಿನ ಗಡಸು ನೀರಾದ್ರೆ ಲೋಹದ ಸೆನ್ಸರ್ ಕಡ್ಡಿಗೆ ಬಿಳಿ ಪದರ ಕಟ್ಟುತ್ತೆ, ಹಾಗಾಗಿ ನನ್ನ ಆಯ್ಕೆ ಫ್ಲೋಟೇ.

ಸೋಲಾರಿನೊಳಗೆ ಕರೆಂಟ್ ಕಾಯಿಲ್ ಇದ್ರೆ ಇನ್ನೂ ಒಂದು ಕೆಲಸ ಇದೆ. ಮಾಳಿಗೆ ಟ್ಯಾಂಕ್ ಅರ್ಧಕ್ಕಿಂತ ಇಳಿದ್ರೆ ಕಾಯಿಲ್ ತಾನೇ ಆಫ್ ಆಗೋ ಹಾಗೆ ರಿಲೇ ಜೋಡಿಸಲು ಹೇಳ್ರಿ. ಥರ್ಮೋಸ್ಟಾಟ್ 60 ಡಿಗ್ರಿಗೆ, ಟೈಮರ್ ಬೆಳಗಿನ ಸ್ನಾನಕ್ಕೆ ಮುಂಚೆ. ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕಡಿಯೋ ಸ್ವಿಚ್) ಇಲ್ಲದೆ ಈ ವೈರಿಂಗ್ ಬೇಡವೇ ಬೇಡ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನರನ್ನೇ ಕರೀರಿ.

ಸೋಲಾರ್ ಈಗಾಗಲೇ ಒಣಗಿದೆಯಾ? ಮೋಟರ್ ಹಚ್ಚಬೇಡ್ರಿ, ಕಂಟ್ರೋಲರ್ ಇದ್ರೆ ಅದನ್ನೂ ಆಫ್ ಮಾಡ್ರಿ. ರಾತ್ರಿಯೆಲ್ಲ ಆರಲಿ, ಸೂರ್ಯ ಹುಟ್ಟೋ ಮೊದಲೇ ತುಂಬಿಸ್ರಿ.