ಒಂಬತ್ತು ವರ್ಷದ ನೀರು

ಹೊಸಪೇಟೆಯಿಂದ ಸಂಡೂರಿನ ಬೆಟ್ಟಗಳ ಕಡೆಗೆ ಹೊರಟವರಿಗೆ, ಗುಡ್ಡಗಳ ನಡುವೆ ಅಡ್ಡಲಾಗಿ ಮಲಗಿದ ದೊಡ್ಡದೊಂದು ಏರಿ ಕಾಣಸಿಗುತ್ತದೆ. ಕೃಷ್ಣದೇವರಾಯನು ಕಟ್ಟಿಸಿದ ಕೆರೆಯ ಏರಿ ಅದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡು ದುಡಿಯುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅವನ ತರುವಾಯ ಬಂದ ನೂನಿಜ್ ಎಂಬಾತ ಇನ್ನೊಂದು ಸಂಗತಿಯನ್ನು ಸೇರಿಸುತ್ತಾನೆ. ಈ ಕೆರೆಯ ನೀರಿಗೆ ಬಂದ ಭೂಮಿಯನ್ನು ರಾಯನು ಒಕ್ಕಲುಗಳಿಗೆ ಒಂಬತ್ತು ವರ್ಷಗಳ ಕಾಲ ಕಂದಾಯವಿಲ್ಲದೆ ಬಿಟ್ಟುಕೊಟ್ಟನಂತೆ. ಅಷ್ಟರೊಳಗೆ ಅವರು ನೆಲವನ್ನು ಹಸನು ಮಾಡಿಕೊಳ್ಳಬೇಕು, ಬದು ಕಟ್ಟಿಕೊಳ್ಳಬೇಕು, ತೋಟವಿಟ್ಟುಕೊಳ್ಳಬೇಕು. ಆಮೇಲೆ ಅರಮನೆಯ ಪಾಲು. ನೂನಿಜನು ಬರೆಯುವ ಹೊತ್ತಿಗೆ ಆ ಉತ್ಪತ್ತಿ ಇಪ್ಪತ್ತು ಸಾವಿರ ಪರದಾವಿಗೆ ಏರಿತ್ತು.

ಅರಸನ ಔದಾರ್ಯವನ್ನು ಇಲ್ಲಿ ಹೊಗಳಬೇಕಾದುದಿಲ್ಲ. ಅದು ಜಾಣತನವೇ ಸರಿ. ನೀರು ಅರಸನದು, ಬೆವರು ಒಕ್ಕಲಿನದು. ಬೆವರು ಸುರಿದ ಮೇಲಲ್ಲವೇ ನೀರಿಗೆ ಬೆಲೆ ಬರುವುದು? ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ವರ್ಷ ಒಂಬತ್ತು ಎಂಬುದು ಮೊದಲ ದಿನವೇ ಒಕ್ಕಲಿಗೆ ಗೊತ್ತಿತ್ತು. ಹತ್ತನೆಯ ವರ್ಷಕ್ಕೆ ಅವನು ಸಿದ್ಧನಾಗಬಹುದಿತ್ತು.

ಐದು ನೂರು ವರ್ಷಗಳ ಹಿಂದಿನ ಈ ಒಪ್ಪಂದವನ್ನು ಈಗ ನೆನೆಯುವುದಕ್ಕೆ ಕಾರಣವುಂಟು. ಮಣ್ಣಿನ ಸೋಂಕೇ ಇಲ್ಲದ ಇನ್ನೊಂದು ಕಸುಬಿನಲ್ಲಿ, ಗಣಕಯಂತ್ರದ ಮುಂದೆ ಕುಳಿತು ದುಡಿಯುವ ಸಣ್ಣಪುಟ್ಟ ತಂತ್ರಾಂಶ ರಚಕರ ಬಾಳಿನಲ್ಲಿ, ಇದೇ ವ್ಯವಹಾರ ಮತ್ತೆ ನಡೆದಿದೆ. ನೀರು ಬಿಟ್ಟವರು ದೊಡ್ಡ ಸಂಸ್ಥೆಗಳವರು. ಗದ್ದೆ ಮಾಡಿಕೊಂಡವರು ಒಬ್ಬೊಬ್ಬರೇ ನಿಂತು ಕೆಲಸ ಮಾಡುವವರು. ವ್ಯತ್ಯಾಸವಿಷ್ಟೆ: ಎಷ್ಟು ವರ್ಷ ಎಂಬ ಮಾತನ್ನು ಇಲ್ಲಿ ಯಾರೂ ಆಡಿರಲಿಲ್ಲ.

ಎಪಿಐ ಎಂಬ ಮೂರಕ್ಷರದ ಹೆಸರು ಅನೇಕರ ಕಿವಿಗೆ ಬಿದ್ದಿರಬಹುದು. ಅದೇನೆಂದು ಕೇಳಿದರೆ ಬಲ್ಲವರೂ ತುಸು ತಡವರಿಸುತ್ತಾರೆ. ತುಂಗಭದ್ರೆಯ ದಡದವರಿಗೆ ಅದನ್ನು ತಿಳಿಸುವುದು ಕಷ್ಟವಲ್ಲ. ಅದು ತೂಬು. ಹಂಪೆಯ ಹಾಳು ಮಂಟಪಗಳ ನಡುವೆ ಇಂದಿಗೂ ಹರಿಯುವ ತುರ್ತು ಕಾಲುವೆಯನ್ನೋ, ಬಸವಣ್ಣ ಕಾಲುವೆಯನ್ನೋ, ಕಂಪ್ಲಿಯ ಕಾಲುವೆಯನ್ನೋ ಕಣ್ಣಮುಂದೆ ತಂದುಕೊಳ್ಳಿ. ಕಾಲುವೆ ಗದ್ದೆಯವನದಲ್ಲ, ಹೊಳೆಯಂತೂ ಅಲ್ಲವೇ ಅಲ್ಲ. ತೂಬಿನ ಬಾಯಿಂದ ಅಳತೆಗೆ ತಕ್ಕಷ್ಟು ನೀರು ತನ್ನ ಹೊಲಕ್ಕೆ ಬರುತ್ತದೆ, ಅಷ್ಟೆ. ಒಂದು ತಂತ್ರಾಂಶವು ಇನ್ನೊಂದರ ಬಳಿ, ಮೊದಲೇ ಗೊತ್ತಾದ ಕ್ರಮದಲ್ಲಿ, ಮಾಹಿತಿಯನ್ನು ಕೇಳಿ ಪಡೆಯುವ ಬಾಗಿಲೇ ಎಪಿಐ. ಹಂಪೆಗೆ ಬರುವ ಯಾತ್ರಿಕರಿಗೆಂದು ಒಬ್ಬ ತರುಣ ಒಂದು ಆಪ್ ಮಾಡಿದನೆನ್ನಿ. ಅದರಲ್ಲಿ ಕಾಣುವ ಭೂಪಟ ಒಂದು ಸಂಸ್ಥೆಯದು, ಹವೆಯ ಸುದ್ದಿ ಮತ್ತೊಂದರದು, ಹಣ ಪಾವತಿಯ ಏರ್ಪಾಡು ಮೂರನೆಯದರದು. ಮೂರು ತೂಬುಗಳ ನೀರು ಒಂದೇ ಮಡಿಯಲ್ಲಿ ಕೂಡಿದೆ. ಪ್ರತಿ ತೂಬಿನ ಬಳಿಯಲ್ಲೂ ಒಬ್ಬ ನೀರುಗಂಟಿ. ಅವನು ಮನುಷ್ಯನಲ್ಲ, ಯಂತ್ರ; ಯಾರು ಎಷ್ಟು ಸಲ ಕೇಳಿದರೆಂದು ಎಣಿಸುತ್ತಾನೆ, ಮಿತಿ ಮೀರಿದೊಡನೆ ಹಲಗೆ ಇಳಿಸುತ್ತಾನೆ. ಹಳ್ಳಿಯ ನೀರುಗಂಟಿಗಾದರೆ ಕಷ್ಟಸುಖ ಹೇಳಿಕೊಂಡು ಅರ್ಧ ಗಳಿಗೆ ಹೆಚ್ಚು ಪಡೆಯುವುದಿತ್ತು.

ಭೂಪಟದ ಕಥೆಯನ್ನೇ ನೋಡಬಹುದು. ಗೂಗಲ್ ಸಂಸ್ಥೆಯ ಭೂಪಟವನ್ನು ದಿನಕ್ಕೆ 25,000 ಸಲದವರೆಗೆ ಹಣವಿಲ್ಲದೆ ತೋರಿಸುವ ಅವಕಾಶ ರಚಕರಿಗೆ ಹಿಂದೆ ಇತ್ತು. 2018ರ ಜುಲೈಯಲ್ಲಿ ನಿಯಮ ಬದಲಾಯಿತು. ತಿಂಗಳಿಗೆ 200 ಡಾಲರಿನಷ್ಟು ಬಳಕೆ ಮಾತ್ರ ಉಚಿತ. ಎಂದರೆ ಹೆಚ್ಚುಕಡಿಮೆ 28,000 ಸಲ. ಸಂಖ್ಯೆ ನೋಡಿದರೆ ಅದರಷ್ಟೇ ಇದೆ. ಆದರೆ "ದಿನಕ್ಕೆ" ಎಂಬಲ್ಲಿ "ತಿಂಗಳಿಗೆ" ಎಂದಾಗಿದೆ! ಅದರ ಜೊತೆಗೆ ಬಿಲ್ಲಿನ ಖಾತೆ ತೆರೆದು ಕಾರ್ಡಿನ ವಿವರ ಕೊಡುವುದೂ ಕಡ್ಡಾಯವಾಯಿತು. ಆ ಲೆಕ್ಕವೂ ನಿಲ್ಲದೆ 2025ರ ಮಾರ್ಚಿಯಲ್ಲಿ ಮತ್ತೊಮ್ಮೆ ತಿದ್ದಲ್ಪಟ್ಟಿತು.

ನಡುವೆ ಬೆಂಗಳೂರಿನಲ್ಲಿ ಒಂದು ಪ್ರಸಂಗ ನಡೆಯಿತು. 2024ರ ಜುಲೈಯಲ್ಲಿ ಓಲಾ ಸಂಸ್ಥೆಯವರು ಗೂಗಲಿನ ಭೂಪಟವನ್ನು ಕೈಬಿಟ್ಟು ತಮ್ಮದೇ ಭೂಪಟವನ್ನು ಹೊರತಂದು, ರಚಕರಿಗೆ ಒಂದು ವರ್ಷ ಪುಕ್ಕಟೆ ಎಂದು ಸಾರಿದರು. ಅದೇ ತಿಂಗಳು ಗೂಗಲಿನವರು ಭಾರತದ ಮಟ್ಟಿಗೆ ದರವನ್ನು ನೂರಕ್ಕೆ ಎಪ್ಪತ್ತರವರೆಗೂ ಇಳಿಸುವುದಾಗಿಯೂ, ಡಾಲರಿನ ಬದಲು ರೂಪಾಯಿಯಲ್ಲೇ ಹಣ ಪಡೆಯುವುದಾಗಿಯೂ ಪ್ರಕಟಿಸಿದರು. ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡುತ್ತಾರೆಂದ ಕೂಡಲೆ ಈ ಕಾಲುವೆಯ ನೀರಿನ ದರ ಇಳಿಯುವುದು ಲೋಕರೂಢಿ. ಸಣ್ಣವರಿಗೆ ಅಂದು ದೊರೆತ ಲಾಭ ದೊಡ್ಡವರ ಪೈಪೋಟಿಯಿಂದ ಬಂದುದು. ಅವರ ಅರ್ಜಿಯಿಂದ ಬಂದುದಲ್ಲ.

ಎಲ್ಲ ಕಡೆಯೂ ಇಷ್ಟು ಸುಖವಾಗಿ ಮುಗಿಯಲಿಲ್ಲ. ಟ್ವಿಟರ್ ತನ್ನ ಎಪಿಐಯನ್ನು ತೆರೆದುದು 2006ರಲ್ಲಿ. ಮರುವರ್ಷವೇ ಐಕಾನ್‌ಫ್ಯಾಕ್ಟರಿ ಎಂಬ ಚಿಕ್ಕ ಸಂಸ್ಥೆ ಟ್ವಿಟರಿಫಿಕ್ ಎಂಬ ಆಪನ್ನು ರಚಿಸಿತು. ಟ್ವಿಟರಿನ ನೆನಪಿನೊಡನೆ ಬರುವ ಹಕ್ಕಿಯ ಚಿತ್ರವೂ "ಟ್ವೀಟ್" ಎಂಬ ಮಾತೂ ಮೊದಲು ಬಳಕೆಗೆ ಬಂದುದು ಆ ಆಪಿನಲ್ಲಿ. ಮೂಲ ಸಂಸ್ಥೆ ಅವನ್ನು ಆಮೇಲೆ ತನ್ನದಾಗಿಸಿಕೊಂಡಿತು. ಒಕ್ಕಲು ಬೆಳೆದ ಬೆಳೆ ಎಂದರೆ ಇದಲ್ಲವೆ? 2023ರ ಜನವರಿಯಲ್ಲಿ ಒಂದು ದಿನ, ಮುನ್ಸೂಚನೆಯಿಲ್ಲದೆ, ಇಂತಹ ಹೊರಗಿನವರ ಆಪುಗಳೆಲ್ಲ ಒಮ್ಮೆಗೇ ನಿಂತುಹೋದವು. ಕೆಲವು ದಿನಗಳ ಮೇಲೆ, ಹಾಗೆ ಆಪ್ ಮಾಡಬಾರದೆಂಬ ವಾಕ್ಯವನ್ನು ನಿಯಮಾವಳಿಯಲ್ಲಿ ಸೇರಿಸಲಾಯಿತು. ಶಿಕ್ಷೆ ಮೊದಲು, ಕಾನೂನು ಆಮೇಲೆ. ಫೆಬ್ರವರಿಯ 2ರಂದು, ಇನ್ನೊಂದು ವಾರದಲ್ಲಿ ಉಚಿತ ಪ್ರವೇಶ ಮುಗಿಯುವುದೆಂಬ ಪ್ರಕಟಣೆ ಬಂತು. ವಾಯಿದೆ ಮುಂದಕ್ಕೆ ಹೋಗಿ, ಮಾರ್ಚಿಯ ಕೊನೆಗೆ ಹೊಸ ದರಪಟ್ಟಿ ಹೊರಬಿತ್ತು: ಪುಕ್ಕಟೆಯವರು ತಿಂಗಳಿಗೆ 1,500 ಟ್ವೀಟುಗಳನ್ನು ಬರೆಯಬಹುದು, ಓದುವ ಸೌಲಭ್ಯ ಹೆಸರಿಗೂ ಇಲ್ಲ, ಮೇಲಿನ ಮೆಟ್ಟಿಲಿಗೆ ತಿಂಗಳಿಗೆ 100 ಡಾಲರು, ದೊಡ್ಡ ಬಳಕೆದಾರರಿಗೆ ಹತ್ತಾರು ಸಾವಿರ ಡಾಲರು.

ಅದೇ ವರ್ಷ ರೆಡಿಟ್ ಸಂಸ್ಥೆಯೂ ಅದೇ ದಾರಿ ಹಿಡಿಯಿತು. ಕೆನಡಾದ ಕ್ರಿಶ್ಚಿಯನ್ ಸೆಲಿಗ್ ಎಂಬ ತರುಣ ಹೆಚ್ಚಾಗಿ ತಾನೊಬ್ಬನೇ ನಿಂತು ಕಟ್ಟಿದ ಅಪೊಲೊ ಎಂಬ ಆಪಿಗೆ ಲಕ್ಷಗಟ್ಟಲೆ ಓದುಗರಿದ್ದರು. ಮೇ ತಿಂಗಳ ಕೊನೆಯಲ್ಲಿ ಅವನಿಗೆ ತಿಳಿಸಿದ ದರ, ಐದು ಕೋಟಿ ಕೋರಿಕೆಗಳಿಗೆ 12,000 ಡಾಲರು. ಅವನ ಬಳಕೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರು! ಹೊಸ ದರ ಜಾರಿಗೆ ಬರುವುದು ಜುಲೈ 1ಕ್ಕೆ. ಅವನಿಗೆ ಸಿಕ್ಕಿದ್ದು ಒಂದು ತಿಂಗಳು. ಮುಂಗಡವಾಗಿ ವರ್ಷದ ಚಂದಾ ಕೊಟ್ಟವರಿಗೆ ಉಳಿದ ಹಣವನ್ನು ಹಿಂದಿರುಗಿಸುವ ಹೊರೆ ಬೇರೆ. ಜೂನ್ 30ರಂದು ಅಪೊಲೊ ಮುಚ್ಚಿತು. ಸಂಸ್ಥೆಯ ವಾದವೂ ತೀರ ಹುರುಳಿಲ್ಲದ್ದಲ್ಲ. ಕೃತಕ ಬುದ್ಧಿಯ ಯಂತ್ರಗಳಿಗೆ ಓದಿಸುವ ಸಲುವಾಗಿ ಭಾರಿ ಉದ್ಯಮಗಳವರು ಅಲ್ಲಿನ ಬರಹಗಳನ್ನು ಕಾಸು ಬಿಚ್ಚದೆ ಹೊತ್ತೊಯ್ಯುತ್ತಿದ್ದರು. ಕುರುಡರಿಗೆ ನೆರವಾಗುವ, ಲಾಭದ ಉದ್ದೇಶವಿಲ್ಲದ ಕೆಲವು ಆಪುಗಳಿಗೆ ವಿನಾಯಿತಿ ಕೊಟ್ಟರೆಂಬುದನ್ನೂ ಹೇಳಬೇಕು. ಆದರೆ ಆನೆಗೆಂದು ಕಟ್ಟಿದ ಬೇಲಿಯಲ್ಲಿ ಮೊದಲು ಸಿಕ್ಕಿಬಿದ್ದುದು ಕರು.

ಇಂತಹ ಬೇಲಿಯ ಅನುಭವ ಈ ಸೀಮೆಗೆ ಹೊಸದಲ್ಲ. ಸಂಡೂರಿನ ಬೆಟ್ಟಗಳಲ್ಲಿ ಅದಿರಿನ ಅಕ್ರಮ ಹೊರಬಿದ್ದು, 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಬೇಕಾದುದೇ, ಆ ಬೆಟ್ಟಗಳನ್ನು ಕಂಡ ಯಾರೂ ಬೇರೆ ಮಾತಾಡಲಾರರು. ಮುಂದೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ತಪ್ಪಿನ ಪ್ರಮಾಣ ನೋಡಿ, ಕೆಲವಕ್ಕೆ ಮತ್ತೆ ಅನುಮತಿ ಕೊಟ್ಟು, ಅದಿರನ್ನು ಇ-ಹರಾಜಿನ ಮೂಲಕವೇ ಮಾರಬೇಕೆಂದು ವಿಧಿಸಲಾಯಿತು. ಆದರೆ ಆ ನಡುವಿನ ಕಾಲದಲ್ಲಿ ಸಾಲ ಮಾಡಿ ಒಂದು ಲಾರಿ ಕೊಂಡವನ ಕಂತು ನಿಲ್ಲಲಿಲ್ಲ. ರಸ್ತೆಯ ಬದಿಯಲ್ಲಿ ಸಾಲುಸಾಲಾಗಿ ನಿಂತ ಲಾರಿಗಳನ್ನು ಹೊಸಪೇಟೆಯವರು ಮರೆತಿಲ್ಲ. ನಿಯಮ ನ್ಯಾಯವಾದುದೇ ಆಗಿದ್ದರೂ ಅದರ ಭಾರ ಎಲ್ಲರ ಹೆಗಲ ಮೇಲೂ ಒಂದೇ ತೂಕವಾಗಿ ಬೀಳುವುದಿಲ್ಲ.

ಈಗ ಕರ್ನಾಟಕದ ತರುಣರನ್ನೇ ಮುಟ್ಟುವ ವಿಷಯಕ್ಕೆ ಬರಬಹುದು. ಷೇರು ವ್ಯಾಪಾರದ ದಲ್ಲಾಳಿ ಸಂಸ್ಥೆಗಳು ತಮ್ಮ ಗಿರಾಕಿಗಳಿಗೆ ಎಪಿಐ ತೆರೆದಿಟ್ಟು ಕೆಲವು ವರ್ಷಗಳಾದವು. ಬೆಂಗಳೂರಿನ ಜೆರೋಧಾದ ಕೈಟ್ ಕನೆಕ್ಟ್ ಇವುಗಳಲ್ಲಿ ಹೆಸರಾದುದು. ಕೊಳ್ಳುವ ಮಾರುವ ನಿರ್ಧಾರವನ್ನು ಲೆಕ್ಕಾಚಾರದ ತಂತ್ರಾಂಶಕ್ಕೆ ಒಪ್ಪಿಸುವುದನ್ನು ಆಲ್ಗೊ ವ್ಯಾಪಾರ ಎನ್ನುತ್ತಾರೆ. ಹಿಂದೆ ಇದು ಮುಂಬಯಿಯ ದೊಡ್ಡ ಕಚೇರಿಗಳ ಸೊತ್ತಾಗಿತ್ತು. ಎಪಿಐ ಬಂದ ಮೇಲೆ ಊರಿನ ಮನೆಯಲ್ಲಿ ಕುಳಿತ ಇಂಜಿನಿಯರಿಗೂ ಎಟುಕಿತು. ಕೆಲವರು ತಮಗಾಗಿ ಬರೆದುಕೊಂಡರು. ಕೆಲವರು ಬರೆದುದನ್ನು ಇತರರಿಗೆ ಮಾರತೊಡಗಿದರು. ತಿಂಗಳಿಗಿಷ್ಟು ಲಾಭ ಖಂಡಿತವೆಂದು ಸಾರುವ ಗಾಳಿಗೋಪುರದವರೂ ಅವರೊಡನೆ ಸೇರಿಕೊಂಡರು. ಸೆಬಿಯೇ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ವರ್ಷಗಳಲ್ಲಿ ಷೇರಿನ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ ಮಾಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡವರೇ; ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿತ್ತು. ಇಷ್ಟಾದ ಮೇಲೆ ಮೇಲ್ವಿಚಾರಣೆಯವರು ಸುಮ್ಮನಿರುವುದು ಸಾಧ್ಯವಿರಲಿಲ್ಲ.

2025ರ ಫೆಬ್ರವರಿ 4ರಂದು ಸೆಬಿ ಒಂದು ಸುತ್ತೋಲೆಯನ್ನು ಹೊರಡಿಸಿತು. ಅದರ ಪ್ರಕಾರ ಯಾರಿಗೂ ಬಾಗಿಲು ತೆರೆದಿಡುವ ಎಪಿಐ ಇನ್ನು ಸಲ್ಲದು. ಪ್ರತಿಯೊಬ್ಬನಿಗೂ ಬೇರೆ ಬೇರೆ ಕೀಲಿ. ಆ ಕೀಲಿಯನ್ನು ಮೊದಲೇ ತಿಳಿಸಿದ ಒಂದು ಸ್ಥಿರ ಐಪಿ ವಿಳಾಸದಿಂದಲೇ ಬಳಸಬೇಕು. ಸೆಕೆಂಡಿಗೆ ಗೊತ್ತಾದ ಮಿತಿಗಿಂತ ಹೆಚ್ಚು ಆದೇಶಗಳನ್ನು ಕಳಿಸುವವನು ತನ್ನ ತಂತ್ರಾಂಶವನ್ನು ವಿನಿಮಯ ಕೇಂದ್ರದಲ್ಲಿ ನೋಂದಾಯಿಸಬೇಕು. ಆ ಮಿತಿ ಹತ್ತು ಎಂದು ಬಳಿಕ ನಿಗದಿಯಾಯಿತು. ತಾನು ಬರೆದುದನ್ನು ತನಗೂ, ಹೆಂಡತಿ ಅಥವಾ ಗಂಡನಿಗೂ, ತನ್ನನ್ನು ಅವಲಂಬಿಸಿದ ಮಕ್ಕಳಿಗೂ ತಂದೆತಾಯಿಗಳಿಗೂ ಬಳಸಬಹುದು. ಅಲ್ಲಿಂದಾಚೆಗೆ ಮಾರುವುದಾದರೆ ವಿನಿಮಯ ಕೇಂದ್ರದ ಪಟ್ಟಿಯಲ್ಲಿ ಹೆಸರು ಸೇರಿಸಬೇಕು. ಒಳಗಿನ ತರ್ಕವನ್ನು ಬಳಕೆದಾರನಿಗೆ ಕಾಣಗೊಡದ ಬಗೆಯದಾದರೆ ಸಂಶೋಧನಾ ವಿಶ್ಲೇಷಕನೆಂಬ ಪರವಾನಗಿಯೂ ಬೇಕು. ಆಗಸ್ಟ್ 1ರಿಂದ ಜಾರಿಯೆಂದದ್ದು ಅಕ್ಟೋಬರ್ 1ಕ್ಕೆ ಹೋಗಿ, ಕೊನೆಗೆ ಹಂತ ಹಂತವಾಗಿ ನಡೆಸಿ 2026ರ ಏಪ್ರಿಲ್ 1ಕ್ಕೆ ಪೂರ್ಣಗೊಳಿಸಬೇಕೆಂದು ಗೊತ್ತಾಯಿತು. ಇಲ್ಲಿ ಟ್ವಿಟರಿನ ಅವಸರವಿರಲಿಲ್ಲ. ಜನರ ಅಭಿಪ್ರಾಯ ಕೇಳಿದರು, ದಿನ ತಿಳಿಸಿದರು, ದಿನ ಮುಂದಕ್ಕೂ ಹಾಕಿದರು; ಹಾಗೆ ನೋಡಿದರೆ ಇದು ರಾಯನ ಒಪ್ಪಂದಕ್ಕೆ ಹೆಚ್ಚು ಹತ್ತಿರವಾದುದು.

ಸ್ಥಿರ ಐಪಿ ವಿಳಾಸವೆಂಬುದು ಬೆಂಗಳೂರಿನ ಕಚೇರಿಗೆ ಒಂದು ವಿಷಯವೇ ಅಲ್ಲ. ಕಂಪ್ಲಿಯಲ್ಲಿ, ಮನೆಯ ಮಹಡಿಯ ಮೇಲೆ ಕುಳಿತ ಒಬ್ಬ ತರುಣನನ್ನು ಊಹಿಸಿಕೊಳ್ಳೋಣ. ಅವನ ಮನೆಯ ಅಂತರ್ಜಾಲ ಸಂಪರ್ಕದ ವಿಳಾಸ ಆಗಾಗ್ಗೆ ಬದಲಾಗುತ್ತಿರುತ್ತದೆ; ಮನೆಬಳಕೆಯ ಸಂಪರ್ಕಗಳ ರೀತಿಯೇ ಅದು. ಮೊಬೈಲಿನದಂತೂ ಸಾವಿರಾರು ಜನ ಒಂದೇ ವಿಳಾಸದ ಹಿಂದೆ ನಿಂತಿರುತ್ತಾರೆ. ಸ್ಥಿರ ವಿಳಾಸ ಬೇಕಾದರೆ ಬೇರೆ ಹಣ ತೆರಬೇಕು, ಅಥವಾ ದೂರದ ಯಾವುದಾದರೊಂದು ಮೋಡಗಣಕದಲ್ಲಿ ಬಾಡಿಗೆಗೆ ಒಂದು ಮೂಲೆ ಹಿಡಿಯಬೇಕು. ತಿಂಗಳಿಗೆ ನೂರಾರು ರೂಪಾಯಿಯ ಮಾತು, ಪ್ರಾಣ ಹೋಗುವಂಥದೇನಲ್ಲ. ಜೆರೋಧಾ ತನ್ನ ಕಡೆಯಿಂದ, ತಿಂಗಳಿಗೆ 2,000 ರೂಪಾಯಿ ಇದ್ದ ಎಪಿಐ ಶುಲ್ಕವನ್ನು 2025ರಲ್ಲಿ 500ಕ್ಕೆ ಇಳಿಸಿದ್ದೂ ಉಂಟು. ಹೀಗಾಗಿ ತನ್ನ ಗದ್ದೆಯನ್ನಷ್ಟೆ ಉಳುವವನು ಹೇಗೋ ಉಳಿದುಕೊಳ್ಳುತ್ತಾನೆ. ಪಕ್ಕದ ನಾಲ್ಕು ಗದ್ದೆಗಳಿಗೆ ಬಿತ್ತನೆ ಮಾಡಿಕೊಟ್ಟು ಕೂಲಿ ಪಡೆಯುತ್ತಿದ್ದವನಿಗೆ ಕಷ್ಟ. ಪಟ್ಟಿ ಸೇರುವುದು, ಪರವಾನಗಿ, ಲೆಕ್ಕಪತ್ರ, ಅದಕ್ಕೊಬ್ಬ ಗುಮಾಸ್ತ: ಇವೆಲ್ಲ ಒಬ್ಬನೇ ನಿರ್ವಹಿಸುವ ಕೆಲಸವಲ್ಲ. ಅವನ ಮುಂದಿರುವುದು ಎರಡೇ ದಾರಿ, ದೊಡ್ಡವರಲ್ಲಿ ನೌಕರಿಗೆ ಸೇರುವುದು, ಇಲ್ಲವೇ ಬೇರೆ ಕಸುಬು ಹುಡುಕುವುದು. ವಂಚಕನೂ ಹೋದ, ಅವನ ಜೊತೆಗೆ ಇವನೂ ಹೋದ. ಇವರಿಬ್ಬರನ್ನು ಬೇರೆ ಬೇರೆಯಾಗಿ ಕಾಣುವ ಜರಡಿ ಇನ್ನೂ ಸಿದ್ಧವಾದಂತಿಲ್ಲ.

ತೂಬಿನ ಹಂಗೇ ಇಲ್ಲದ ನೀರು ಎಲ್ಲಿಯಾದರೂ ಉಂಟೆ ಎಂದು ಕೇಳಬಹುದು. ಕನ್ನಡಿಗರು ತಮ್ಮ ಮನೆಯಲ್ಲೇ ನೋಡಬಹುದಾದ ಒಂದು ಬಾವಿಯಿದೆ. ವಿ. ಕೃಷ್ಣ ಎಂಬ ಮಹನೀಯರು ದಶಕಗಳ ಕಾಲ ಒಂಟಿಯಾಗಿ ಕುಳಿತು ಸಂಗ್ರಹಿಸಿದ ಕನ್ನಡ–ಇಂಗ್ಲಿಷ್ ನಿಘಂಟು "ಅಲರ್" ಎಂಬ ಹೆಸರಿನಿಂದ 2019ರಲ್ಲಿ ಅಂತರ್ಜಾಲದಲ್ಲಿ ಪ್ರಕಟವಾಯಿತು. ಒಂದೂವರೆ ಲಕ್ಷಕ್ಕೂ ಮೀರಿದ ಶಬ್ದಗಳು, ಎರಡು ಲಕ್ಷ ನಲವತ್ತು ಸಾವಿರದಷ್ಟು ಅರ್ಥಗಳು. ಅದನ್ನು ಪ್ರಕಟಿಸಿದವರು ಅದೇ ಜೆರೋಧಾದ ತಂತ್ರಜ್ಞರಾದ ಕೈಲಾಶ್ ನಾಧ್. ನಿಘಂಟಿನ ಇಡೀ ಸಾಮಗ್ರಿಯನ್ನು ಮುಕ್ತ ಪರವಾನಗಿಯ ಮೇಲೆ ಬಿಟ್ಟುಕೊಟ್ಟಿದ್ದಾರೆ. ಒಂದೊಂದು ಶಬ್ದಕ್ಕೂ ಬಾಗಿಲು ತಟ್ಟಬೇಕಾಗಿಲ್ಲ. ಎಲ್ಲವನ್ನೂ ಒಮ್ಮೆಗೇ ತನ್ನ ಗಣಕಯಂತ್ರಕ್ಕೆ ಇಳಿಸಿಕೊಂಡು, ಅದರ ಮೇಲೆ ಬೇಕಾದ ಆಪು ಕಟ್ಟಿಕೊಳ್ಳಬಹುದು. ಷರತ್ತು ಎರಡು: ಮೂಲದ ಹೆಸರು ಹೇಳಬೇಕು, ಆ ಸಂಗ್ರಹವನ್ನು ಬೆಳೆಸಿ ಹಂಚಿದರೆ ಬೆಳೆಸಿದುದನ್ನೂ ಅದೇ ರೀತಿ ಇತರರಿಗೆ ಬಿಟ್ಟುಕೊಡಬೇಕು. ಕಂಪ್ಲಿಯ ಆ ತರುಣ ಇದನ್ನು ಒಂದು ರಾತ್ರಿ ಇಳಿಸಿಕೊಂಡನೆಂದರೆ, ಮರುದಿನ ಅವನ ಸಂಪರ್ಕ ಕಡಿದುಹೋದರೂ ಶಬ್ದಗಳು ಅವನ ಬಳಿಯೇ ಇರುತ್ತವೆ.