ಮುಟ್ಟದೆ ತೆಗೆಯಬೇಕಾದ ಮಚ್ಚೆ

ಹೂಬಿಟ್ಟ ಪಾರ್ಥೇನಿಯಂ ಗಿಡವನ್ನು ಜಾಡಿಸಿ ಕಿತ್ತರೆ ಏನಾಗುತ್ತದೆಂದು ರೈತರಿಗೆ ಗೊತ್ತು. ಆ ಒಂದು ಗಿಡ ಹೋಗುತ್ತದೆ, ಮುಂದಿನ ಮಳೆಗೆ ಸುತ್ತೆಲ್ಲ ಸಸಿಗಳೇಳುತ್ತವೆ. ಕಣ್ಣಿನ ಮೇಲ್ಮೈಯಲ್ಲಿ ಹುಟ್ಟುವ ಮೆಲನೋಮಾ ಕ್ಯಾನ್ಸರಿನದೂ ಹೆಚ್ಚುಕಡಿಮೆ ಇದೇ ಜಾತಿ.

ಕಣ್ಣಿನ ಬಿಳಿಭಾಗವನ್ನು ಹೊದ್ದು, ರೆಪ್ಪೆಯ ಒಳಬದಿಗೂ ಹಾಸಿಕೊಂಡಿರುವ ತೆಳುಪೊರೆಗೆ ಕಂಜಂಕ್ಟೈವಾ ಎಂದು ಹೆಸರು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಅಲ್ಲಿಯೂ ಇವೆ. ಅವು ಹದ್ದುಮೀರಿ ಬೆಳೆದರೆ ಮೆಲನೋಮಾ. ಬಿಳಿಯರಲ್ಲೇ ವರ್ಷಕ್ಕೆ ಹತ್ತು ಲಕ್ಷಕ್ಕೆ ಒಬ್ಬರಿಗೂ ಬಾರದ ಕಾಯಿಲೆ, ನಮ್ಮವರಲ್ಲಿ ಇನ್ನೂ ವಿರಳ. ಕಂದು ಮೈಬಣ್ಣದವರ ಎರಡೂ ಕಣ್ಣಲ್ಲಿ ಕರಿಗುಡ್ಡೆಯ ಸುತ್ತ ಕಾಣುವ ಕಂದು ಛಾಯೆ ಸಾಮಾನ್ಯವಾಗಿ ನಿರಪಾಯಕಾರಿ. ಆದರೆ ಒಂದೇ ಕಣ್ಣಿನಲ್ಲಿ, ದೊಡ್ಡವರಾದ ಮೇಲೆ ಹೊಸದಾಗಿ ಕಾಣಿಸಿಕೊಂಡು ಹರಡುವ ಇಲ್ಲವೇ ದಪ್ಪವಾಗುವ ಕಲೆಯನ್ನು ವೈದ್ಯರಿಗೆ ತೋರಿಸಲೇಬೇಕು.

ಅಮೆರಿಕದ ಫಿಲಡೆಲ್ಫಿಯಾದ ವಿಲ್ಸ್ ಕಣ್ಣಾಸ್ಪತ್ರೆಯಲ್ಲಿ ಜೆರ್ರಿ ಮತ್ತು ಕರೋಲ್ ಶೀಲ್ಡ್ಸ್ ದಂಪತಿಯ ತಂಡ 150 ರೋಗಿಗಳ ಲೆಕ್ಕವನ್ನು 2000ರಲ್ಲಿ ಪ್ರಕಟಿಸಿತು. ಐದು ವರ್ಷದೊಳಗೆ ಶೇ 26ರಷ್ಟು ಮಂದಿಯಲ್ಲಿ ಗಡ್ಡೆ ಅದೇ ಕಣ್ಣಿನಲ್ಲಿ ಮರುಕಳಿಸಿತ್ತು. ಹತ್ತು ವರ್ಷಕ್ಕೆ ಅದು ಶೇ 51!

ಗಡ್ಡೆಯನ್ನು ಇಕ್ಕಳದಲ್ಲಿ ಹಿಡಿದೆಳೆದು ಕತ್ತರಿಸಿದರೆ ಉದುರಿದ ಕೋಶಗಳು ಪಕ್ಕದಲ್ಲೇ ಬೇರೂರಬಹುದು. ಹಾಗಾಗಿ ಶೀಲ್ಡ್ಸ್ ದಂಪತಿ ‘ನೋ ಟಚ್’ ವಿಧಾನವನ್ನು ರೂಪಿಸಿದರು. ಗಡ್ಡೆಯನ್ನು ಎಲ್ಲಿಯೂ ಮುಟ್ಟುವಂತಿಲ್ಲ. ಅದು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಹಬ್ಬಿದ್ದರೆ ಅಲ್ಲಿಗೆ ಆಲ್ಕೋಹಾಲ್ ತಾಗಿಸಿ, ಸಡಿಲವಾದ ಮೇಲ್ಪದರವನ್ನು ಸುರುಳಿಯಂತೆ ಸುತ್ತಿ ತರುತ್ತಾರೆ. ಸುತ್ತ ಸುಮಾರು 4 ಮಿಲಿಮೀಟರ್ ಆರೋಗ್ಯವಂತ ಪೊರೆಯನ್ನೂ ಸೇರಿಸಿ, ಅಂಟಿಕೊಂಡಿದ್ದರೆ ಕೆಳಗಿನ ಬಿಳಿಗೋಡೆಯ ತೆಳುಪದರವನ್ನೂ ಸೀಳಿ, ಒಂದೇ ತುಂಡಾಗಿ ತೆಗೆಯುತ್ತಾರೆ. ಅಲ್ಲಿಯವರೆಗೆ ಕಣ್ಣಿಗೆ ನೀರು ಹನಿಸುವುದಿಲ್ಲ, ಕೋಶಗಳು ತೇಲಿಹೋದಾವೆಂದು. ತೆಗೆದ ತುಂಡು ಮುದುಡದಂತೆ ರಟ್ಟಿನ ಚೂರಿನ ಮೇಲೆ ಹರಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ಹೇಳಬೇಕಾದದ್ದು ಆ ತುಂಡೇ. ಬಳಿಕ ಕಣ್ಣಿನಲ್ಲಿ ಉಳಿದ ಪೊರೆಯ ಅಂಚನ್ನು ಅತಿಶೀತ ಸಲಾಕೆಯಿಂದ ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೆ ಹೆಪ್ಪುಗಟ್ಟಿಸುತ್ತಾರೆ. ಹಳೆಯವಕ್ಕೆ ಕೋಶಗಳು ಅಂಟಿರಬಹುದಾದ್ದರಿಂದ ಹೊಲಿಗೆಗೆ ಹೊಸ ಸಲಕರಣೆಗಳೇ ಬೇಕು.

ಗಾಯ ದೊಡ್ಡದಾದರೆ ಹೊದಿಕೆ ಹೆರಿಗೆ ಕೋಣೆಯಿಂದ ಬರುತ್ತದೆ. ಸಿಸೇರಿಯನ್ ವೇಳೆ ದಾನವಾಗಿ ಪಡೆದ ಮಾಸಿನ ಒಳಪೊರೆಯನ್ನು ಸೋಂಕು ಪರೀಕ್ಷೆ ಮಾಡಿ ಸಂಸ್ಕರಿಸಿ ಇಟ್ಟಿರುತ್ತಾರೆ. ಅದನ್ನು ಹಾಸಿದರೆ ಉರಿಯೂತ ತಗ್ಗಿ ಹೊಸ ಪೊರೆ ಬೆಳೆಯುತ್ತದೆ.

ಮರುಕಳಿಸಿದ ಗಡ್ಡೆಗೆ ಕತ್ತರಿ ಹಾಕುವುದು ಇನ್ನಷ್ಟು ಕಷ್ಟ. ಹಳೆಯ ಗಾಯದ ಕಲೆ ಪದರಗಳನ್ನು ಒಂದಕ್ಕೊಂದು ಅಂಟಿಸಿರುತ್ತದೆ. ಎರಡನೇ ಸಲ ಅದು ಕಪ್ಪಾಗಿಯೇ ಇರಬೇಕೆಂದಿಲ್ಲ; ಬಣ್ಣವಿಲ್ಲದ ನಸುಗೆಂಪು ಗಂಟಾಗಿ ಬಂದು ‘ಕಣ್ಣು ಕೆಂಪಾಗಿದೆ’ ಎಂಬ ನೆಪದಲ್ಲಿ ದಿನ ತಳ್ಳಿಸಬಹುದು. ವೈದ್ಯರು ಪೊರೆಯ ಬೇರೆಬೇರೆ ಕಡೆಯಿಂದ ಚೂರು ತೆಗೆದು, ರೋಗ ಎಲ್ಲೆಲ್ಲಿ ಹರಡಿದೆಯೆಂದು ನಕ್ಷೆ ಮಾಡಿಕೊಳ್ಳುತ್ತಾರೆ. ಗಂಟನ್ನು ತೆಗೆದ ಬಳಿಕ ಹರಡಿದ ಚದುರುಕೋಶಗಳಿಗೆ ಮೈಟೋಮೈಸಿನ್ ಎಂಬ ಕ್ಯಾನ್ಸರ್ ಔಷಧದ ಹನಿ, ಆಳಕ್ಕಿಳಿದಿದ್ದರೆ ಕಣ್ಣಿನ ಮೇಲೆ ಕೆಲಕಾಲ ಹೊಲಿದಿಡುವ ವಿಕಿರಣದ ಬಿಲ್ಲೆ. ರುಥೇನಿಯಂ-106ರ ಇಂಥ ಬಿಲ್ಲೆಗಳನ್ನು ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರವೂ ತಯಾರಿಸಿದೆ. ಕಣ್ಣುಗುಳಿಯನ್ನೇ ಬರಿದು ಮಾಡುವ ಶಸ್ತ್ರಕ್ರಿಯೆ ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅದರಿಂದಲೂ ಆಯುಷ್ಯ ಹೆಚ್ಚುವ ಖಾತರಿಯಿಲ್ಲ.

ಗಾಯ ಮಾಗಿದ ಮೇಲೂ ತಪಾಸಣೆ ಬದುಕಿನುದ್ದಕ್ಕೂ ಇದ್ದದ್ದೇ. ವೈದ್ಯರು ‘ಕೆಳಗೆ ನೋಡಿ’ ಎನ್ನುತ್ತಾರೆ, ಮೇಲ್ರೆಪ್ಪೆಯನ್ನು ಮಗುಚಿ ಒಳಬದಿ ಹುಡುಕುತ್ತಾರೆ, ಹಿಂದಿನ ಫೋಟೊದ ಪಕ್ಕ ಹೊಸದನ್ನಿಟ್ಟು ಹೋಲಿಸುತ್ತಾರೆ. ಆಮೇಲೆ ಕಿವಿಯ ಮುಂದೆ, ದವಡೆಯ ಕೆಳಗೆ ಬೆರಳಿಂದ ಒತ್ತಿ ನೋಡುತ್ತಾರೆ. ಕಣ್ಣು ಬಿಟ್ಟು ಹೊರಟ ಮೆಲನೋಮಾ ಹಲವು ಸಲ ಮೊದಲು ತಂಗುವುದು ಅಲ್ಲಿನ ದುಗ್ಧಗ್ರಂಥಿಗಳಲ್ಲಿ.