ಹಳತಾದ ಸಿಗಾರಿನ ಸವಿ

ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಹಳೆಯ ಅಕ್ಕಿಯದು ಉದುರುದುರಾಗಿ ಅರಳುತ್ತದೆ. ಕಾಲವೂ ಒಬ್ಬ ಬಾಣಸಿಗನೆಂಬುದನ್ನು ನಮ್ಮ ಗೃಹಿಣಿಯರು ಚೆನ್ನಾಗಿ ಬಲ್ಲರು. ಈ ಬಾಣಸಿಗನ ಕೈವಾಡ ಹೊಗೆಸೊಪ್ಪಿನ ಮೇಲೂ ನಡೆಯುತ್ತದೆ. ಅದಕ್ಕೆ ಕ್ಯೂಬಾ ದ್ವೀಪದ ಸಿಗಾರೇ ಸಾಕ್ಷಿ.

ಆ ದ್ವೀಪದ ಪಶ್ಚಿಮದ ಪಿನಾರ್ ದೆಲ್ ರಿಯೊ ಪ್ರಾಂತ ಹೊಗೆಸೊಪ್ಪಿಗೆ ಹೆಸರಾದುದು. ಅಲ್ಲಿ ಕೊಯ್ದ ಎಲೆಯನ್ನು ಕೊಟ್ಟಿಗೆಯ ನೆರಳಿನಲ್ಲಿ ತೂಗುಹಾಕಿ ಒಣಗಿಸುತ್ತಾರೆ. ಬಳಿಕ ತೇವವಾಡಿಸಿ ರಾಶಿಯೊಟ್ಟುತ್ತಾರೆ. ರಾಶಿಯ ಒಡಲಲ್ಲಿ ತಾನಾಗಿಯೇ ಕಾವು ಹುಟ್ಟಿ, ಮೂಗಿಗೆ ರಾಚುವ ಅಮೋನಿಯ ಹೊರಬೀಳುತ್ತದೆ. ಎಲೆಯ ಒಗರು ತಗ್ಗುತ್ತದೆ.

ಸುತ್ತಿ ಮುಗಿಸಿದ ಸಿಗಾರಿನಲ್ಲಿಯೂ ಈ ಕಾರ್ಯ ನಿಲ್ಲುವುದಿಲ್ಲ. ಒಳಗಿನ ಹೂರಣದ ಎಲೆ, ಅದನ್ನು ಬಿಗಿಯುವ ಎಲೆ, ಮೇಲಿನ ಹೊದಿಕೆಯ ಎಲೆ ಇವು ಬೇರೆಬೇರೆ ಗುಣದವು. ಸೀಡರ್ ಮರದ ಪೆಟ್ಟಿಗೆಯಲ್ಲಿ ಜೊತೆಗೂಡಿ ಬಾಳಿದಂತೆ ಇವುಗಳ ಕಂಪು ಒಂದರೊಳಗೊಂದು ಬೆರೆಯುತ್ತದೆ. ಪೆಟ್ಟಿಗೆಯ ಗಾಳಿಯಲ್ಲಿ ತೇವಾಂಶ ಶೇಕಡ 65ರಿಂದ 70ರಷ್ಟಿರಬೇಕು. ಹೆಚ್ಚಿದರೆ ಬೂಷ್ಟು, ಕಡಿಮೆಯಾದರೆ ಎಲೆ ಒಣಗಿ ಕಂಪು ಹಾರಿಹೋಗುತ್ತದೆ, ಸೆಖೆ ಏರಿದರೆ ಹುಳು! ಕೆಲವು ವರ್ಷ ಹೀಗೆ ಕಾದರೆ ಗಂಟಲು ಕೆರೆಯುವ ಖಾರ ಅಡಗಿ, ಹೊಗೆ ಮೆತ್ತಗಾಗಿ, ಮರದ, ಜೇನಿನ ಛಾಯೆಗಳು ತೋರುವುವೆಂದು ರಸಿಕರು ವರ್ಣಿಸುತ್ತಾರೆ.

ಇಂಥ ರಸಿಕರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯೂ ಒಬ್ಬರು. 1962ರ ಫೆಬ್ರವರಿಯಲ್ಲಿ ಕ್ಯೂಬಾದೊಡನೆ ವ್ಯಾಪಾರವನ್ನು ನಿಷೇಧಿಸುವ ಆಜ್ಞೆಗೆ ಸಹಿ ಹಾಕುವ ಮುನ್ನ, ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರರನ್ನು ಕರೆದು ಒಂದು ಸಾವಿರ ಸಿಗಾರು ಬೇಕೆಂದರಂತೆ! ಬೆಳಗಾಗುವಷ್ಟರಲ್ಲಿ 1,200 ಸಿಕ್ಕಿದುವೆಂದೂ, ಆಮೇಲೆಯೇ ಸಹಿ ಬಿತ್ತೆಂದೂ ಸಾಲಿಂಜರರೇ ಮುಂದೆ ಬರೆದಿದ್ದಾರೆ.

ನಿಷೇಧಕ್ಕೆ ಮುಂಚಿನ ಸಿಗಾರುಗಳು ಇಂದು ಅರವತ್ತು ವರ್ಷ ದಾಟಿವೆ; ಸಂಗ್ರಾಹಕರು ಅವನ್ನು ನಿಧಿಯಂತೆ ಕಾಪಾಡುತ್ತಾರೆ. ಆದರೆ ಪ್ರಾಯವೇರಿದಷ್ಟೂ ಸವಿಯೇರುತ್ತದೆಂಬ ನಿಯಮವಿಲ್ಲ. ಒಗರನ್ನು ಕಳೆದ ಕಾಲವೇ ಕೊನೆಗೆ ಕಂಪನ್ನೂ ಕಳೆಯುತ್ತದೆ. ಮಾಗುವಿಕೆಗೂ ಮಾಸುವಿಕೆಗೂ ನಡುವಣ ಗೆರೆ ಬಲು ತೆಳ್ಳಗಿನದು.

ಇನ್ನೊಂದು ಮಾತನ್ನು ರಸಿಕರು ಮರೆಯುವುದುಂಟು. ನಾಲಗೆಗೆ ಮೆತ್ತಗಾದುದು ಒಡಲಿಗೂ ಮೆತ್ತಗಾಯಿತೆಂದಲ್ಲ. ಟಾರು, ಕಾರ್ಬನ್ ಮಾನಾಕ್ಸೈಡುಗಳು ಹುಟ್ಟುವುದು ಎಲೆ ಉರಿದಾಗ. ಬಾಯಿ, ಗಂಟಲುಗಳ ಕ್ಯಾನ್ಸರಿಗೆ ಹಳೆಯ ಸಿಗಾರು ಹೊಸ ಸಿಗಾರು ಎಂಬ ಭೇದವಿಲ್ಲ. ಕಾಲ ಎಲೆಯನ್ನು ಮಾಗಿಸೀತು, ಬೆಂಕಿಯನ್ನು ಮಾಗಿಸಲಾರದು.